ಮರಗಪ್ಪೆಯ ಉಳಿವನ್ನು ಕಾಫಿ ತೋಟಕ್ಕೇ ಬಿಟ್ಟುಬಿಡಬಹುದೇ?

ಪರ

ಬಿಡಬಹುದು. 1883ರಲ್ಲಿ ಪ್ರಾಣಿಶಾಸ್ತ್ರಜ್ಞ ಬೌಲೆಂಜರ್ ಹೆಸರಿಟ್ಟ ರಾಕೊಫೋರಸ್ ಲ್ಯಾಟರಾಲಿಸ್ ಎಂಬ ಪುಟ್ಟ ಹಸಿರು ಮರಗಪ್ಪೆ ಇಂದಿಗೂ ಕೊಡಗು, ವಯನಾಡುಗಳ ಕಾಫಿ ತೋಟಗಳಲ್ಲಿ ಮರಿ ಮಾಡುತ್ತಿದೆ. ಮಳೆಗಾಲದ ರಾತ್ರಿ ತೋಟದ ಕೆರೆಯ ಅಂಚಿಗೆ ಹೋಗಿ ನೋಡಿ. ನೀರಿನ ಮೇಲೆ ಬಾಗಿದ ಎಲೆಯಲ್ಲಿ ಹೆಣ್ಣು ನೊರೆಯೆಬ್ಬಿಸಿ ಮೊಟ್ಟೆಯಿಡುತ್ತದೆ. ಗಂಡು ಹೊರಟುಹೋದ ಮೇಲೆ ತಾನೊಂದೇ ಹಿಂಗಾಲುಗಳಿಂದ ಎಲೆಯ ಎರಡೂ ಅಂಚುಗಳನ್ನು ಎಳೆದು ಒತ್ತಿ ಹಿಡಿಯುತ್ತದೆ. ಜಿಗುಟು ನೊರೆಗೆ ಅಂಚುಗಳು ಅಂಟಿ, ಎಲೆ ಕರ್ಜಿಕಾಯಿಯಂತೆ ಮುಚ್ಚಿಕೊಳ್ಳುತ್ತದೆ. ಒಳಗಿನ ಮೊಟ್ಟೆ ಒಣಗುವುದಿಲ್ಲ. ಗೊದಮೊಟ್ಟೆಗಳು ಬಲಿತಾಗ ನೇರ ನೀರಿಗೆ ಜಾರುತ್ತವೆ. ಇಷ್ಟು ಚಿಕ್ಕ ಜೀವಿಯ ಈ ತಾಯ್ತನ ನನ್ನನ್ನು ಪ್ರತಿ ಸಲವೂ ಬೆರಗಾಗಿಸುತ್ತದೆ.

ಆ ಕೆರೆಗಳನ್ನು ತೋಡಿಸಿದವರು ಬೆಳೆಗಾರರೇ. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟ ಫೆಬ್ರವರಿ, ಮಾರ್ಚ್‌ನಲ್ಲಿ ರೊಬಸ್ಟಾ ಎಂಬ ಜಾತಿಯ ಕಾಫಿ ಗಿಡಗಳಿಗೆ ಸ್ಪ್ರಿಂಕ್ಲರ್ ಹಾಯಿಸಲು ಕೂಡಿಟ್ಟ ನೀರು ಅದು. ಮೇಲೆ ಅತ್ತಿ, ಹಲಸುಗಳ ನೆರಳು, ಕೆಳಗೆ ತೇವದ ದರಗು. ಕಾಫಿ ನಾಡಿನಲ್ಲಿ ಬೆಳೆಗಾರನನ್ನು ದೂರವಿಟ್ಟು ಈ ಕಪ್ಪೆಯನ್ನು ಉಳಿಸುವ ದಾರಿಯೇ ಇಲ್ಲ.

ವಿರೋಧ

ತೋಟದಲ್ಲಿ ಕಪ್ಪೆ ಇದೆ ಎಂದ ಮಾತ್ರಕ್ಕೆ ತೋಟ ಅದಕ್ಕೆ ಒಗ್ಗುತ್ತದೆ ಎನ್ನಲಾಗದು. ಕಾಡು ಕಡಿದಲ್ಲೇ ತೋಟ ಎದ್ದಿತು. ಕಪ್ಪೆಗೆ ಬೇರೆ ಜಾಗ ಉಳಿಯಲಿಲ್ಲ.

ಆ ತೋಟವಾದರೂ ಹಾಗೇ ಇದೆಯೇ? ನಾಡು ಮರಗಳು ಹೋಗಿ, ಮೆಣಸಿನ ಬಳ್ಳಿ ಹಬ್ಬಿಸಲು ಸಿಲ್ವರ್ ಓಕ್ ಸಾಲುಗಟ್ಟುತ್ತಿದೆ. ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣ ಸಿಂಪಡಿಸುವುದು ಮಳೆಗೆ ಮುನ್ನ, ಮತ್ತೆ ಮಳೆ ಬಿಡುವು ಕೊಟ್ಟಾಗ. ಮುಂದಿನ ಮಳೆಗೆ ಅದು ತೊಳೆದು ಕೆರೆಗಿಳಿದರೆ ತಾಮ್ರ ಗೊದಮೊಟ್ಟೆಗಳಿಗೆ ವಿಷ. ಬೆಳೆಗಾರನಿಗೂ ಬೆಳೆ ಉಳಿಯಬೇಕು, ಅವನ ಕಷ್ಟ ನಿಜ. ಆದರೆ ಕಾಫಿ ದರ ಬಿದ್ದ ವರ್ಷ ಮರ ಮಾರಿದರೆ, ತೋಟವೇ ರೆಸಾರ್ಟ್ ಆದರೆ, ಕಪ್ಪೆಯ ಪರ ನಿಲ್ಲುವವರು ಯಾರು? ಒಬ್ಬರ ಒಳ್ಳೆಯತನದ ಮೇಲೆ ಒಂದು ಜೀವಿಯ ಬದುಕನ್ನು ತೂಗುಹಾಕಲು ನಾನು ಒಪ್ಪಲಾರೆ.

ಕನಿಷ್ಠ ಕೆರೆಯಂಚಿನ ಪೊದೆಗಳಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕತ್ತಿ ತಾಗಬಾರದು. ಏರಿಯ ಕಳೆ ಸವರಿ ರಾಶಿ ಹಾಕಿದ ಸೊಪ್ಪಿನಲ್ಲಿ ಮಡಿಸಿದ ಎಲೆಯೊಂದು ಇದೆಯೇ ಎಂದು ಬಿಡಿಸಿ ನೋಡುವವರು ಯಾರು?