ಸ್ಪಷ್ಟನೆ: ಕೋಡ್‌ಶೇರ್ ಟಿಕೆಟ್‌ಗೆ ಯಾರೂ ಹೊಣೆಯಲ್ಲವೇ?

“ಹುಬ್ಬಳ್ಳಿಯ ವಿಮಾನ ತಡವಾಗಿ ಬೆಂಗಳೂರಿನಲ್ಲಿ ಯೂರೋಪಿನ ವಿಮಾನ ತಪ್ಪಿದರೆ, ಕೋಡ್‌ಶೇರ್ ಆಗಿದ್ದಲ್ಲಿ ಕಂಪನಿಗಳು ಬೇರೆ ಟಿಕೆಟ್ ಕೊಡಬೇಕಿಲ್ಲ, ಆದರೆ 600 ಯೂರೋ ಪರಿಹಾರ ಎಲ್ಲರಿಗೂ ಸಿಗುತ್ತದೆ” ಎಂಬ ಸಂದೇಶ ಹುಬ್ಬಳ್ಳಿ-ಧಾರವಾಡದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಎರಡೂ ಮಾತು ತಪ್ಪು. ಕೋಡ್‌ಶೇರ್ ಎಂದರೆ ಒಂದು ಕಂಪನಿ ತನ್ನ ಕೋಡ್ ಹಾಕಿ ಟಿಕೆಟ್ ಮಾರುವುದು, ವಿಮಾನವನ್ನು ಇನ್ನೊಂದು ಕಂಪನಿ ಹಾರಿಸುವುದು.

ಮೊದಲು 13 ಅಂಕಿಯ ಇ-ಟಿಕೆಟ್ ನಂಬರ್ ನೋಡಿ. ಎರಡೂ ವಿಮಾನ ಒಂದೇ ನಂಬರಿನಡಿ ಇದ್ದರೆ ಮುಂದಿನ ವಿಮಾನಕ್ಕೆ ಹತ್ತಿಸುವುದು ಕಂಪನಿಗಳ ಕೆಲಸ. ಗಾಬರಿಬಿದ್ದು ಹೊಸ ಟಿಕೆಟ್ ಕೊಳ್ಳಬೇಡಿ, ಆಮೇಲೆ ಆ ದುಡ್ಡು ಹಿಂದೆ ಬರುವುದು ಕಷ್ಟ. ಅಗ್ಗವೆಂದು ಎರಡು ಬೇರೆ ಬುಕಿಂಗ್ ಮಾಡಿಸಿದ್ದರೆ ತಪ್ಪಿದ ಟಿಕೆಟ್ ಸಾಮಾನ್ಯವಾಗಿ ನಿಮ್ಮದೇ ನಷ್ಟ. ಬ್ಯಾಗಿಗೆ ಕಟ್ಟಿದ ಚೀಟಿಯಲ್ಲಿ ಕೊನೆಯ ಊರಿನ ಕೋಡ್ ಇದೆಯೇ ಎಂದು ಹುಬ್ಬಳ್ಳಿಯಲ್ಲೇ ನೋಡಿಕೊಳ್ಳಿ. ಬರೀ ‘ಬಿಎಲ್‌ಆರ್’ (ಬೆಂಗಳೂರಿನ ಕೋಡ್) ಇದ್ದರೆ ಬೆಂಗಳೂರಿನಲ್ಲಿ ಬ್ಯಾಗ್ ಇಳಿಸಿ ಮತ್ತೆ ಚೆಕ್‌ಇನ್ ಮಾಡಬೇಕು.

600 ಯೂರೋದ ಕತೆ ಬೇರೆ. ವಿಮಾನ ತಡವಾದರೆ ಪರಿಹಾರ ಕೊಡಿಸುವ ಯೂರೋಪ್ ಒಕ್ಕೂಟದ 261/2004 ನಿಯಮ ಭಾರತದಿಂದ ಹೊರಡುವಾಗ ಅನ್ವಯಿಸಲು, ವಿಮಾನವನ್ನು ನಿಜಕ್ಕೂ ಹಾರಿಸುವುದು ಒಕ್ಕೂಟದ ಕಂಪನಿಯೇ ಆಗಿರಬೇಕು. ಟಿಕೆಟ್ ಮೇಲೆ ಅದರ ಕೋಡ್ ಇದ್ದರೆ ಸಾಲದು. ಬರುವಾಗ ಲೆಕ್ಕ ಬದಲಾಗುತ್ತದೆ: ಫ್ರಾಂಕ್‌ಫರ್ಟ್‌ನಿಂದ ಒಂದೇ ಬುಕಿಂಗಿನಲ್ಲಿ ಹೊರಟು ಹುಬ್ಬಳ್ಳಿಗೆ 3 ಗಂಟೆ ಅಥವಾ ಹೆಚ್ಚು ತಡವಾಗಿ ಮುಟ್ಟಿದರೆ ಪರಿಹಾರ ಕೇಳಬಹುದು. ಕಾರಣ ಮಂಜು, ಬಿರುಗಾಳಿಯಾದರೆ ಸಿಗದು. ಮಾಮೂಲಿ ತಾಂತ್ರಿಕ ದೋಷ ನೆಪವಾಗದು.

ಅಂತಾರಾಷ್ಟ್ರೀಯ ಪ್ರಯಾಣದಲ್ಲಿ ವಿಮಾನ ಕಂಪನಿಗಳ ಹೊಣೆ ಹೇಳುವ ಮಾಂಟ್ರಿಯಲ್ ಒಪ್ಪಂದದಡಿ ಟಿಕೆಟ್ ಮಾರಿದ ಕಂಪನಿಯನ್ನೂ, ಆ ವಿಮಾನ ಹಾರಿಸಿದ ಕಂಪನಿಯನ್ನೂ ಪರಿಹಾರ ಕೇಳಬಹುದು, ಆದರೆ ರಸೀದಿ ತೋರಿಸಬಲ್ಲ ನಷ್ಟಕ್ಕಷ್ಟೇ. ದಾವೆಗೆ ಗಡುವು 2 ವರ್ಷ. ಬೋರ್ಡಿಂಗ್ ಪಾಸ್ ಎಸೆಯಬೇಡಿ. ತಡದ ಕಾರಣವನ್ನು ಕೌಂಟರಿನಲ್ಲಿ ಬರಹದಲ್ಲಿ ಪಡೆಯಿರಿ.