ಬಣ್ಣಕ್ಕೆ ಹೆಸರು ಕೊಡದಿದ್ದರೆ ಚಾರ್ಟ್ ತಪ್ಪು ಹೇಳುತ್ತೆ

ಚಾರ್ಟ್ ಬಣ್ಣಗಳ ಬಗ್ಗೆ ಬರೆದ ಲೇಖನವೊಂದರ ಕರಡು ಓದಿದೆ. ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಚಾರ್ಟ್ ಬಿಡಿಸುವ ಜಿಜಿಪ್ಲಾಟ್2 ಪ್ಯಾಕೇಜ್‌ನಲ್ಲಿ 'ಬಣ್ಣ ನಿಗದಿ ಮಾಡುವ ಸ್ಕೇಲ್_ಫಿಲ್_ಮ್ಯಾನುಯಲ್ ಫಂಕ್ಷನ್‌ಗೆ ಬೇಕಾದ ಬಣ್ಣಗಳನ್ನು ಸಾಲಾಗಿ ಕೊಟ್ಟರೆ ಸಾಕು' ಅಂತ ಲೇಖಕರು ಬರೆದಿದ್ದಾರೆ. ಸಾಕಾಗಲ್ಲ. ಜೋಳ, ಭತ್ತ, ರಾಗಿ ಅಂತ ಮೂರು ಬೆಳೆಗಳ ಚಾರ್ಟ್ ಇದೆ ಅಂದುಕೊಳ್ಳಿ. ಹೆಸರಿಲ್ಲದ ಬಣ್ಣಗಳನ್ನು ಆರ್ ಬರೀ ಕ್ರಮ ನೋಡಿ ಹಂಚುತ್ತದೆ. ಫಿಲ್ಟರ್ ಮಾಡಿ ಜೋಳವನ್ನು ತೆಗೆದರೆ ಜೋಳದ ಬಣ್ಣ ಭತ್ತಕ್ಕೆ ಹೋಗುತ್ತದೆ, ಭತ್ತದ್ದು ರಾಗಿಗೆ. ಎರರ್ ಬರುವುದಿಲ್ಲ, ಎಚ್ಚರಿಕೆಯೂ ಇಲ್ಲ. ಒಂದೇ ವರದಿಯ ಎರಡು ಪುಟಗಳಲ್ಲಿ ಹಸಿರು ಬೇರೆ ಬೇರೆ ಬೆಳೆ ಆದರೆ ಓದುವವರು ಮೋಸ ಹೋಗ್ತಾರೆ, ಅಲ್ವಾ? ಆ ಫಂಕ್ಷನ್‌ಗೆ ಬಣ್ಣಗಳನ್ನು ಕೊಡುವ ವ್ಯಾಲ್ಯೂಸ್ ಪಟ್ಟಿಯೊಳಗೆ ಪ್ರತಿ ಬಣ್ಣದ ಮುಂದೆ ಬೆಳೆಯ ಹೆಸರು ಬರೆಯಿರಿ. ಆಗ ಯಾವ ಬೆಳೆ ಬಿಟ್ಟುಹೋದರೂ ಉಳಿದವುಗಳ ಬಣ್ಣ ಕದಲುವುದಿಲ್ಲ. ಆ ಪಟ್ಟಿಯನ್ನು ಒಂದೇ ಕಡೆ ಇಟ್ಟು ಎಲ್ಲಾ ಚಾರ್ಟ್‌ಗಳಿಗೂ ಅದನ್ನೇ ಬಳಸಿ.

ಮಳೆ ಪ್ರಮಾಣದ ನಕ್ಷೆಗೆ ಕಾಮನಬಿಲ್ಲಿನಂಥ ಬಣ್ಣಗಳ ಸಾಲಾದ ರೇನ್‌ಬೋ ಬಳಸಿ ಅನ್ನೋ ಸಲಹೆಯನ್ನಂತೂ ದಯವಿಟ್ಟು ತೆಗೆದುಹಾಕಿ. ಅದರ ನಡುವಿನ ಹಳದಿ ಉಳಿದ ಬಣ್ಣಗಳಿಗಿಂತ ಜಾಸ್ತಿ ಹೊಳೆಯುತ್ತದೆ. ಅಂಕಿಗಳಲ್ಲಿ ಇಲ್ಲದ ಗಡಿಯೊಂದು ಅಲ್ಲಿ ಕಾಣುತ್ತದೆ. ಅದರ ಬದಲಿಗೆ ಇರುವ ವಿರಿಡಿಸ್ ಎಂಬ ಬಣ್ಣಗಳ ಪ್ಯಾಲೆಟ್‌ನಲ್ಲಿ ಹೊಳಪು ಒಂದೇ ಸಮನೆ ಏರುತ್ತದೆ, ಕಪ್ಪು-ಬಿಳುಪಿನಲ್ಲಿ ಪ್ರಿಂಟ್ ತೆಗೆದರೂ ಹೆಚ್ಚು-ಕಡಿಮೆ ಗೊತ್ತಾಗುತ್ತದೆ. ಬೆಳೆಗಳಂಥ ಬಿಡಿ ಗುಂಪುಗಳಿಗೆ ಒಕಾಬೆ-ಇಟೊ ಪ್ಯಾಲೆಟ್ ಇದೆ. ಕೆಂಪು-ಹಸಿರು ವ್ಯತ್ಯಾಸ ಕಾಣದವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾಡಿದ ಬಣ್ಣಗಳು ಅವು. 2020ರಲ್ಲಿ ಬಂದ ಆರ್ 4.0.0ರಿಂದ ಆರ್‌ನದೇ ಪ್ಯಾಲೆಟ್.ಕಲರ್ಸ್ ಫಂಕ್ಷನ್‌ನಲ್ಲೇ ಸಿಗುತ್ತವೆ, ಬೇರೆ ಪ್ಯಾಕೇಜ್ ಬೇಕಿಲ್ಲ.