ಕಾರಿನ ಡಿಕ್ಕಿಗೆ ಬ್ಯಾಟರಿ ಹಾಕೋ ಮೊದಲು ಫ್ಯೂಸ್ ತನ್ನಿ

ಕೊಯ್ಲು ಮುಗಿದು ಗದ್ದೆ ಒಣಗಿದರೆ ಸಾಕು, ನಮ್ಮ ಗೋಣಿಕೊಪ್ಪ, ಪೊನ್ನಂಪೇಟೆ, ವಿರಾಜಪೇಟೆ ಕಡೆ ಗದ್ದೆಯಲ್ಲಿ ಕಾರು ಓಡಿಸುವ ಆಟೋಕ್ರಾಸ್ ರೇಸಿನ ಮಾತು ಶುರುವಾಗುತ್ತದೆ. ಹಳೆ ಮಾರುತಿ 800, ಝೆನ್, ಎಸ್ಟೀಮ್‌ಗಳು ಶೆಡ್‌ನಿಂದ ಹೊರಗೆ ಬರುತ್ತವೆ. ಹುಡುಗರು ಸೈಲೆನ್ಸರ್ ಬದಲಿಸುತ್ತಾರೆ, ಹಿಂದಿನ ಸೀಟು ಕಿತ್ತುಹಾಕುತ್ತಾರೆ. ಈಗೀಗ ಇನ್ನೊಂದು ಕೆಲಸ ಸೇರಿಕೊಂಡಿದೆ. ಬಾನೆಟ್ ಒಳಗಿನ ಬ್ಯಾಟರಿ ತೆಗೆದು ಡಿಕ್ಕಿಗೆ ಹಾಕೋದು. ಸ್ವಂತ ಕೈಯಲ್ಲಿ ಸ್ಪ್ಯಾನರ್ ಹಿಡಿಯುವವರನ್ನು ಕಂಡರೆ ನನಗೆ ಖುಷಿ. ಈ ಕೆಲಸವನ್ನು ಮನೆ ಶೆಡ್‌ನಲ್ಲೇ ಚೆನ್ನಾಗಿ ಮಾಡಬಹುದು ಕೂಡ. ಆದರೆ ನಾನು ನೋಡಿದ ಇಂಥ ಕಾರುಗಳಲ್ಲಿ ಹೆಚ್ಚಿನವಕ್ಕೆ ಫ್ಯೂಸೇ ಇರಲಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು, ಯಾಕೆ ಹಾಕಬೇಕು ಅಂತ ಕೇಳಿಕೊಳ್ಳಿ. ಸಣ್ಣ ಪೆಟ್ರೋಲ್ ಕಾರಿನ 35 ಎಎಚ್ (ಆಂಪಿಯರ್-ಅವರ್) ಬ್ಯಾಟರಿ ಸುಮಾರು 10 ಕೆಜಿ ತೂಗುತ್ತದೆ. ಎಂಜಿನ್, ಗೇರ್‌ಬಾಕ್ಸ್ ಎರಡೂ ಮುಂದೆ ಇರುವ ಕಾರಲ್ಲಿ ಅಷ್ಟು ತೂಕ ಮೂತಿಯಿಂದ ಹಿಂದಕ್ಕೆ ಹೋದರೆ ತಿರುವಿನಲ್ಲಿ ಮೂತಿ ಸ್ವಲ್ಪ ಹಗುರಾಗುತ್ತದೆ, ನಿಜ. ಬಿಎಂಡಬ್ಲ್ಯುನವರು ಎಷ್ಟೋ ಮಾಡೆಲ್‌ಗಳಲ್ಲಿ ಬ್ಯಾಟರಿಯನ್ನು ಡಿಕ್ಕಿಯಲ್ಲೇ ಇಡುತ್ತಾರೆ. 1959ರ ಮೊದಲ ಮಿನಿ ಕಾರಲ್ಲೂ ಅದು ಡಿಕ್ಕಿಯಲ್ಲೇ ಇತ್ತು. ಬಾನೆಟ್ ಒಳಗೆ ದೊಡ್ಡ ಎಂಜಿನ್ ಕೂರಿಸಿ ಜಾಗ ಸಾಲದವರಿಗೂ ಇದು ಬೇಕಾದ ಕೆಲಸವೇ. ಆದರೆ ದಿನಾ ತೋಟಕ್ಕೆ ಹೋಗಿಬರುವ ಕಾರಿಗೆ ಸುಮ್ನೆ ಯಾಕೆ? ಮಳೆಗಾಲದಲ್ಲಿ ಕೆಸರು ಏರು ಹತ್ತುವಾಗ ಮುಂದಿನ ಚಕ್ರದ ಮೇಲೆ ತೂಕ ಇದ್ದಷ್ಟೂ ಹಿಡಿತ ಜಾಸ್ತಿ ಅಲ್ವಾ? ಅದನ್ನು ತೆಗೆದು ಹಿಂದೆ ಇಟ್ಟರೆ ನಮಗೇ ನಷ್ಟ.

ಈಗ ಫ್ಯೂಸ್ ವಿಷಯ. "ಕಂಪನಿಯವರೇ ಸೆಲ್ಫ್ ಮೋಟಾರಿನ ಕೇಬಲ್‌ಗೆ ಫ್ಯೂಸ್ ಕೊಟ್ಟಿಲ್ಲ, ನಾವ್ಯಾಕೆ ಹಾಕಬೇಕಣ್ಣ?" ಅಂತ ಹುಡುಗರು ಕೇಳುತ್ತಾರೆ. ಒಳ್ಳೆ ಪ್ರಶ್ನೆ. ಅಲ್ಲಿ ಕೇಬಲ್ ಎರಡು ಮೂರು ಅಡಿ ಮಾತ್ರ. ಬಾನೆಟ್ ಒಳಗೇ ಶುರುವಾಗಿ ಅಲ್ಲೇ ಮುಗಿಯುತ್ತದೆ, ತಗಡಿಗೆ ಉಜ್ಜುವ ಜಾಗ ಕಡಿಮೆ. ಡಿಕ್ಕಿಗೆ ಹಾಕಿದಾಗ ಅದೇ ಪಾಸಿಟಿವ್ ಕೇಬಲ್ ನಾಲ್ಕೈದು ಮೀಟರ್ ಆಗುತ್ತದೆ. ಪೆಟ್ರೋಲ್ ಟ್ಯಾಂಕ್ ಹತ್ತಿರ, ಸೀಟಿನ ಕಬ್ಬಿಣದ ಪಕ್ಕ, ಡ್ಯಾಶ್‌ಬೋರ್ಡ್ ಹಿಂದಿನ ತಗಡಿನ ತೂತಿನಲ್ಲಿ ಹಾದು ಹೋಗುತ್ತದೆ. ಕಾರಿನ ಬಾಡಿ ಪೂರ್ತಿ ನೆಗೆಟಿವ್. ಎಲ್ಲಾದರೂ ಒಂದು ಕಡೆ ರಬ್ಬರ್ ಸವೆದು ತಾಮ್ರ ತಗಡಿಗೆ ತಾಗಿತು ಅಂದುಕೊಳ್ಳಿ. 12 ವೋಲ್ಟ್ ನಮಗೆ ಶಾಕ್ ಹೊಡೆಯುವುದಿಲ್ಲ, ಆದರೆ ಶಾರ್ಟ್ ಆದಾಗ ಸಣ್ಣ ಬ್ಯಾಟರಿ ಕೂಡ ನೂರಾರು ಆಂಪಿಯರ್ ಕರೆಂಟ್ ಸುರಿಯುತ್ತದೆ. ಕೇಬಲ್ ಕೆಂಪಗೆ ಕಾಯಲು ಜಾಸ್ತಿ ಹೊತ್ತು ಬೇಡ. ಕೆಳಗೆ ಕಾರ್ಪೆಟ್, ಪಕ್ಕದಲ್ಲಿ ಪೆಟ್ರೋಲ್. ಕೀ ಆಫ್ ಮಾಡಿದರೂ ಅದು ನಿಲ್ಲುವುದಿಲ್ಲ.

ಡಿಕ್ಕಿಯಲ್ಲಿ ಬ್ಯಾಟರಿ ಇಟ್ಟ ಬಿಎಂಡಬ್ಲ್ಯುನವರು ಇದಕ್ಕೆ ಏನು ಮಾಡಿದ್ದಾರೆ ಗೊತ್ತಾ? ಎಷ್ಟೋ ಮಾಡೆಲ್‌ಗಳಲ್ಲಿ ಪಾಸಿಟಿವ್ ಟರ್ಮಿನಲ್ ಒಳಗೇ ಒಂದು ಸಣ್ಣ ಸಿಡಿಮದ್ದು ಇದೆ. ಕಾರು ಜೋರಾಗಿ ಗುದ್ದಿದರೆ ಏರ್‌ಬ್ಯಾಗ್ ಜೊತೆ ಅದೂ ಸಿಡಿದು ಸೆಲ್ಫ್ ಕೇಬಲ್ ಸಂಪರ್ಕ ಕಡಿಯುತ್ತದೆ. ವಿಡಿಯೋ ನೋಡಿ ಕಲಿಯುವವರು ಬ್ಯಾಟರಿ ಎಲ್ಲಿದೆ ಅನ್ನೋದನ್ನು ಮಾತ್ರ ನೋಡುತ್ತಾರೆ.

ನಮಗೆ ಅಷ್ಟೆಲ್ಲ ಬೇಡ. ಎಎನ್‌ಎಲ್ ಅಂತ ದಪ್ಪ ಪಟ್ಟಿ ಫ್ಯೂಸ್ ಬರುತ್ತದೆ, ಕಾರ್ ಆಡಿಯೋ ಅಂಗಡಿಯಲ್ಲಿ ಸಿಗುತ್ತದೆ. ಸಣ್ಣ ಪೆಟ್ರೋಲ್ ಎಂಜಿನ್‌ಗೆ 150ರಿಂದ 200 ಆಂಪಿಯರ್. ಹೋಲ್ಡರ್ ಸಮೇತ ತನ್ನಿ. ಬ್ಯಾಟರಿಯ ಪಾಸಿಟಿವ್‌ನಿಂದ ಒಂದು ಅಡಿ ಒಳಗೇ ಕೂರಿಸಿ. ಎಂಜಿನ್ ಹತ್ತಿರ ಕೂರಿಸಿದರೆ ಪ್ರಯೋಜನ ಇಲ್ಲ, ಯಾಕಂದರೆ ಕಾಪಾಡಬೇಕಾದ ಕೇಬಲ್ ಎಲ್ಲ ಅದರ ಹಿಂದೆ ಉಳಿಯಿತು.

ಕೇಬಲ್ ವಿಷಯದಲ್ಲಿ ದುಡ್ಡು ಉಳಿಸಬೇಡಿ. ಐದು ಮೀಟರ್ ಉದ್ದದ 10 ಸ್ಕ್ವೇರ್ ಎಂಎಂ ತಾಮ್ರದ ಕೇಬಲ್‌ನಲ್ಲಿ 150 ಆಂಪಿಯರ್ ಹರಿದರೆ ಸುಮಾರು 1.3 ವೋಲ್ಟ್ ದಾರಿಯಲ್ಲೇ ಹೋಗುತ್ತದೆ. 25 ಸ್ಕ್ವೇರ್‌ನಲ್ಲಿ ಅರ್ಧ ವೋಲ್ಟಿಗಿಂತ ಸ್ವಲ್ಪ ಜಾಸ್ತಿ, 35ರಲ್ಲಿ 0.4 ವೋಲ್ಟ್. ಡಿಸೆಂಬರ್ ಬೆಳಿಗ್ಗೆ ಮಡಿಕೇರಿ ಚಳಿಯಲ್ಲಿ ಬ್ಯಾಟರಿಯೇ ಸ್ವಲ್ಪ ಸೋತಿರುತ್ತದೆ. ಮೇಲೆ 1.3 ವೋಲ್ಟ್ ಹೋದರೆ ಸೆಲ್ಫ್ ಬರೀ ಕಟಕಟ ಅನ್ನುತ್ತದೆ. ವೆಲ್ಡಿಂಗ್ ಸೆಟ್ಟಿಗೆ ಹಾಕುವ ತಾಮ್ರದ ಕೇಬಲ್ ಈ ಕೆಲಸಕ್ಕೆ ಚೆನ್ನಾಗಿದೆ, ಎಳೆಗಳು ಸಣ್ಣ, ಸುಲಭವಾಗಿ ಬಾಗುತ್ತದೆ. ಆದರೆ ಅದರ ರಬ್ಬರಿಗೆ ಆಯಿಲ್, ಪೆಟ್ರೋಲ್ ತಾಗದ ಹಾಗೆ ಪೈಪ್ ಹಾಕಬೇಕು. ಕಡಿಮೆ ರೇಟಿಗೆ ಸಿಗುವ ಆಡಿಯೋ ಕೇಬಲ್ ತರುವ ಮೊದಲು ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ಅಲ್ಯೂಮಿನಿಯಂ, ಮೇಲೆ ತಾಮ್ರದ ಬಣ್ಣ ಅಷ್ಟೇ. ಅಲ್ಲೇ ಬಿಟ್ಟು ಬನ್ನಿ.

ಕೇಬಲ್ ಎಳೆಯುವುದು ಕಾರಿನ ಕೆಳಗಿಂದ ಬೇಡ. ತೋಟದ ರಸ್ತೆಯ ಕಲ್ಲಿಗೆ ಒಂದು ವರ್ಷವೂ ಬಾಳುವುದಿಲ್ಲ. ಬಾಗಿಲ ಬುಡದಲ್ಲಿ, ಕಾರ್ಪೆಟ್ ಅಡಿಯಲ್ಲಿ ತನ್ನಿ. ತಗಡು ದಾಟುವ ಪ್ರತಿ ತೂತಿಗೂ ರಬ್ಬರ್ ಗ್ರೊಮೆಟ್ (ತೂತಿನ ಅಂಚಿಗೆ ಕೂರುವ ಬಳೆ) ಹಾಕಿ. ಉದ್ದಕ್ಕೂ ಸುರುಳಿ ಪೈಪ್ ಬೇಕೇ ಬೇಕು. ನಮ್ಮ ಶೆಡ್‌ಗಳಲ್ಲಿ ಇಲಿಗಳು ವೈರ್ ಕಚ್ಚದ ಕಾರು ಯಾವುದಿದೆ ಹೇಳಿ? ಫ್ಯೂಸ್ ಇಲ್ಲದ ಪಾಸಿಟಿವ್ ಕೇಬಲ್‌ನ ರಬ್ಬರನ್ನು ಇಲಿ ಕೆರೆದರೆ ರಾತ್ರಿ ನಿಂತಲ್ಲೇ ಕಾರು ಹತ್ತಿಕೊಳ್ಳಬಹುದು.

ನೆಗೆಟಿವ್ ಕಡೆಯನ್ನು ಯಾರೂ ಗಮನಿಸುವುದಿಲ್ಲ. ಡಿಕ್ಕಿಯಲ್ಲಿ ಪೇಂಟ್ ಕೆರೆದು, ಹೊಳೆಯುವ ತಗಡಿಗೆ ಲಗ್ (ಕೇಬಲ್ ತುದಿಯ ತೂತಿರುವ ಲೋಹದ ತುಂಡು) ಬಿಗಿದು, ಮೇಲೆ ಗ್ರೀಸ್ ಹಚ್ಚಿ. ಸೀಟ್ ಬೆಲ್ಟ್ ಬೋಲ್ಟ್ ಮುಟ್ಟಬೇಡಿ. ಇನ್ನು ಎಂಜಿನ್‌ನಿಂದ ಬಾಡಿಯ ತಗಡಿಗೆ ಬರುವ ಅರ್ತ್ ಪಟ್ಟಿ. ಬ್ಯಾಟರಿ ಮುಂದೆ ಇದ್ದಾಗ ಸೆಲ್ಫ್ ಕರೆಂಟ್ ನೇರ ಬ್ಯಾಟರಿಗೆ ವಾಪಸ್ ಹೋಗುತ್ತಿತ್ತು. ಈಗ ಅಷ್ಟೂ ಈ ಪಟ್ಟಿಯಲ್ಲೇ ಹೋಗಬೇಕು. ಹಳೆ ಕಾರಲ್ಲಿ ಅದು ತೆಳ್ಳಗೆ, ತುಕ್ಕು ಹಿಡಿದಿರುತ್ತದೆ. ಆಗ ಕರೆಂಟ್ ಆಕ್ಸಿಲರೇಟರ್ ಕೇಬಲ್ ಹುಡುಕಿಕೊಂಡು ಹೋಗುತ್ತದೆ. ಸೆಲ್ಫ್ ಹೊಡೆಯುವಾಗ ಆಕ್ಸಿಲರೇಟರ್ ಕೇಬಲ್ ಬಿಸಿಯಾಗಿ ಹೊಗೆ ಬಂದರೆ ಕಾರಣ ಇದೇ. ಅಲ್ಲೂ 25 ಸ್ಕ್ವೇರ್ ತುಂಡೊಂದನ್ನು ಹಾಕಿ.

ಬ್ಯಾಟರಿಯನ್ನು ರಬ್ಬರ್ ಹಗ್ಗದಲ್ಲಿ ಕಟ್ಟಿದ್ದನ್ನೂ ನೋಡಿದ್ದೇನೆ. ಕಾರು ಪಲ್ಟಿ ಹೊಡೆದರೆ ಆ 10 ಕೆಜಿ ಸೀಸ ಹಾರಿ ಬರುವುದು ಡ್ರೈವರ್ ತಲೆಗೆ. ಕಬ್ಬಿಣದ ಟ್ರೇ, ಮೇಲೆ ಕ್ಲಾಂಪ್, ತಗಡಿನ ಕೆಳಗೆ ಅಗಲವಾದ ವಾಷರ್ ಬೇಕು. ತೂತು ಕೊರೆಯುವ ಮೊದಲು ಕೆಳಗೆ ಮಲಗಿ ಟ್ಯಾಂಕ್ ಎಲ್ಲಿದೆ ಅಂತ ಕಣ್ಣಾರೆ ನೋಡಿ. ನೀರು ಹಾಕುವ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. 800, ಝೆನ್‌ನಲ್ಲಿ ಡಿಕ್ಕಿಗೂ ನಿಮಗೂ ನಡುವೆ ಗೋಡೆ ಇಲ್ಲ. ಅದಕ್ಕೆ ಮುಚ್ಚಿದ ಬಾಕ್ಸ್, ಹೊರಗೆ ಹೋಗುವ ಪೈಪ್ ಬೇಕು. ನೀರು ಹಾಕಬೇಕಿಲ್ಲದ, ಮುಚ್ಚಿದ ಎಜಿಎಂ ಬ್ಯಾಟರಿ ಆದರೆ ಇನ್ನೂ ಒಳ್ಳೆಯದು, ರೇಟು ಮಾತ್ರ ಜಾಸ್ತಿ.

ಕೊನೆಗೆ ಮಲ್ಟಿಮೀಟರ್ ತೆಗೆದುಕೊಳ್ಳಿ. ಒಂದು ಮುಳ್ಳು ಬ್ಯಾಟರಿ ಪಾಸಿಟಿವ್‌ಗೆ, ಇನ್ನೊಂದು ಉದ್ದ ವೈರ್ ಕೊಟ್ಟು ಸೆಲ್ಫ್ ಮೋಟಾರಿನ ಪಾಸಿಟಿವ್‌ಗೆ. ಇನ್ನೊಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ. ಒಂದು ವೋಲ್ಟ್ ಹತ್ತಿರ ತೋರಿಸಿದರೆ ಎಲ್ಲೋ ಲಗ್ ಸರಿಯಾಗಿ ಕ್ರಿಂಪ್ ಆಗಿಲ್ಲ (ಒತ್ತಿ ಬಿಗಿದಿಲ್ಲ), ಬಿಚ್ಚಿ ನೋಡಿ.

ಆಟೋಕ್ರಾಸ್ ನಡೆಸುವ ನಮ್ಮೂರ ಹಿರಿಯರಲ್ಲೂ ಒಂದು ಮಾತು ಕೇಳುತ್ತೇನೆ. ಸ್ಟಾರ್ಟ್ ಮೊದಲು ನೀವು ಹೆಲ್ಮೆಟ್, ಬೆಲ್ಟ್ ನೋಡುತ್ತೀರಿ. ಹಾಗೇ ಡಿಕ್ಕಿಯನ್ನೂ ತೆರೆಸಿ ನೋಡಿ. ಬ್ಯಾಟರಿ ಅಲ್ಲಿದ್ದರೆ ಫ್ಯೂಸ್ ಎಲ್ಲಿ ಅಂತ ಕೇಳಿ, ಹೊರಗಿನಿಂದ ಆಫ್ ಮಾಡುವ ಕಟ್-ಆಫ್ ಸ್ವಿಚ್ ಇದೆಯಾ ನೋಡಿ, ಅದರ ಪಕ್ಕ ನೀಲಿ ತ್ರಿಕೋನದೊಳಗೆ ಕೆಂಪು ಮಿಂಚಿನ ಸ್ಟಿಕ್ಕರ್ ಹಾಕಿಸಿ. ಇವು ಇಲ್ಲದ ಕಾರನ್ನು, ಯಾರ ಮನೆಯ ಹುಡುಗನದ್ದೇ ಆಗಲಿ, ಗದ್ದೆಗೆ ಇಳಿಸಬೇಡಿ.